ಬೀಗ ಬಿಡಿಸಿ ಹಿಂದೆ ಸರಿಯುವ ಕೀಲಿಯಕ್ಕ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಬೀದಿ ತಿರುವಿನ ಬೇಕರಿಯ ಮುಂದೆ ಅದರ ಮಾಲೀಕ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಾರೆ. ನಿನ್ನೆ ಹಾಕುವಾಗ ಚೆನ್ನಾಗಿಯೇ ಇದ್ದ ಷಟರ್ ಬೀಗ ಈಗ ಮೊಂಡು ಹಿಡಿದಿದೆ. ಕೀಲಿ ಅರ್ಧ ತಿರುಗಿ ಅಲ್ಲೇ ಸಿಕ್ಕಿಕೊಂಡಿದೆ, ಮುಂದೂ ಹೋಗದು, ಹಿಂದೂ ಬಾರದು. ಒಳಗೆ ಕಲಸಿಟ್ಟ ಬ್ರೆಡ್ಡಿನ ಹಿಟ್ಟು ತನ್ನ ಪಾಡಿಗೆ ಉಬ್ಬುತ್ತಿದೆ.

ಷಟರ್ ಮುಂದೆ ಮಂಡಿಯೂರಿ ಕುಳಿತವರು ತಲೆಯಿಂದ ಪಾದದವರೆಗೆ ಕಪ್ಪು ಬುರ್ಖಾ ತೊಟ್ಟಿದ್ದಾರೆ. ಮುಖಕ್ಕೂ ಪರದೆ, ಕಾಣುವುದು ಕಣ್ಣೆರಡೇ. ಅಗಲವಾದ ತೋಳುಗಳು ಕೆಲಸಕ್ಕೆ ಅಡ್ಡ ಬರದಂತೆ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿಗಳನ್ನು ಮಣಿಕಟ್ಟಿಗೆ ಏರಿಸಿಕೊಂಡಿದ್ದಾರೆ. ಎಡಗೈಯಲ್ಲಿ ಕೀಲಿಯ ತಲೆ, ಬಲಗೈಯಲ್ಲಿ ತುದಿ ಬಾಗಿದ ಸಣ್ಣ ಉಕ್ಕಿನ ಕಡ್ಡಿ.

"ಅಕ್ಕಾ, ಬೇಗ ಅಕ್ಕಾ. ಹಿಟ್ಟು ಕಾಯಲ್ಲ."

"ಹಿಟ್ಟಿಗೆ ಹೇಳಿ, ಬೀಗಕ್ಕೂ ಬೇಗ ಅಂದ್ರೆ ಆಗಲ್ಲ ಅಂತ."

ಬೆಳಗಿನ ನಡಿಗೆಗೆ ಹೊರಟ ಹಿರಿಯರೊಬ್ಬರು ಈ ದೃಶ್ಯ ಕಂಡು ನಿಧಾನವಾಗುತ್ತಾರೆ. ನಿಲ್ಲುತ್ತಾರೆ. ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಪಕ್ಕದಲ್ಲಿ ಸ್ಕೂಟರಿನ ಮೇಲೆ ಕುಳಿತು ಸಾಮಾನಿನ ಚೀಲ ಕಾಯುತ್ತಿರುವ ಹುಡುಗಿ ಇದನ್ನು ನೋಡಿಬಿಡುತ್ತಾಳೆ. ಜೀನ್ಸ್ ಪ್ಯಾಂಟು, ಕಾಲರ್ ಅಂಗಿ, ಕತ್ತರಿಸಿದ ಕೂದಲು, ಬರಿದಲೆ.

"ಅಂಕಲ್, ಫೋಟೋನಾ? ಈ ಕಡೆಯಿಂದ ತೆಗೀರಿ, ಬೆಳಕು ಚೆನ್ನಾಗಿದೆ. ಸ್ಕೂಟರ್ ಬೋರ್ಡ್‌ನಲ್ಲಿರೋ ನಮ್ಮ ಫೋನ್ ನಂಬರ್ರೂ ಬರಲಿ, ಪುಕ್ಕಟೆ ಜಾಹೀರಾತು."

ಹಿರಿಯರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬಂದದ್ದಕ್ಕಿಂತ ಜೋರಾಗಿ ನಡೆದುಹೋಗುತ್ತಾರೆ. ಅಷ್ಟರಲ್ಲಿ ಬೀಗದೊಳಗೆ ಏನೋ ಸಡಿಲಾದ ಸದ್ದು. ಬೇಕರಿಯವರ ಮುಖ ಅರಳುತ್ತದೆ. ಆದರೆ ಬುರ್ಖಾದಾಕೆ ಷಟರನ್ನು ಮುಟ್ಟುವುದಿಲ್ಲ. ಬೀಗವನ್ನು ಕಳಚಿ ಮಾಲೀಕನ ಕೈಗೆ ಕೊಟ್ಟು, ಎದ್ದು, ಒಂದಿಷ್ಟು ಹಿಂದೆ ಸರಿದು, ಅಂಗಡಿಗೆ ಬೆನ್ನು ಮಾಡಿ ನಿಲ್ಲುತ್ತಾರೆ.

"ಈಗ ತೆಗೀರಿ" ಎನ್ನುತ್ತಾರೆ ರಸ್ತೆಯ ಕಡೆ ನೋಡುತ್ತಲೇ.

ಇವರನ್ನು ಈ ಭಾಗದಲ್ಲಿ ಎಲ್ಲರೂ ಕರೆಯುವುದು ಕೀಲಿಯಕ್ಕ ಎಂದು. ಸ್ಕೂಟರಿನ ಹುಡುಗಿ ಇವರ ಗಂಡನ ತಂಗಿ. ಮಾತು ಶುರುವಾದರೆ ನಿಲ್ಲದ ಕಾರಣ ಬೀದಿಯವರು ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದಾರೆ. ಕೀಲಿ ಮುರಿದವರು, ಕೀಲಿ ಕಳಕೊಂಡವರು, ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಆಮೇಲೆ ಹಣೆ ಚಚ್ಚಿಕೊಳ್ಳುವವರು, ಇವರೆಲ್ಲರ ಪಾಲಿಗೆ ಈ ಅತ್ತಿಗೆ ನಾದಿನಿ ಆಪದ್ಬಾಂಧವರು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೂ ಸ್ಕೂಟರ್ ಹೊರಡುತ್ತದೆ. ಮುಂದೆ ಪಟಾಕಿ, ಹಿಂದೆ ಚೀಲ ತಬ್ಬಿಕೊಂಡ ಕೀಲಿಯಕ್ಕ, ಗಾಳಿಗೆ ಹಾರಾಡುವ ಬುರ್ಖಾದ ಅಂಚನ್ನು ಚಕ್ರಕ್ಕೆ ಸಿಗದಂತೆ ತೊಡೆಯಡಿ ಸಿಕ್ಕಿಸಿಕೊಂಡು.

ಇವರ ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ಒಬ್ಬರು ತಿರುಗಬೇಕೆಂದರೆ ಇನ್ನೊಬ್ಬರು ಉಸಿರು ಒಳಗೆಳೆದುಕೊಳ್ಳಬೇಕು. ಗೋಡೆ ತುಂಬ ಮೊಳೆಗಳು, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಬೋಳು ಕೀಲಿಗಳು. ಬಾಗಿಲ ಬಳಿ ಕೀಲಿ ಕೊರೆಯುವ ಮಷೀನು. ಅದು ತಿರುಗಿದಾಗಲೆಲ್ಲ ಹಿತ್ತಾಳೆಯ ಪುಡಿ ಹಾರಿ ಕಪ್ಪು ಬಟ್ಟೆಯ ಮೇಲೆ ಕೂರುತ್ತದೆ. ಹೊತ್ತು ಏರಿ ಒಳಗೆ ಬಿಸಿಲು ಬಿದ್ದಾಗ ಕೀಲಿಯಕ್ಕನ ಎದೆ, ಭುಜ, ತೋಳು ಎಲ್ಲ ಮಿನುಗುತ್ತವೆ.

"ನಮ್ಮತ್ತಿಗೇದು ಜರಿ ಬುರ್ಖಾ" ಎನ್ನುತ್ತಾಳೆ ಪಟಾಕಿ. "ದುಡ್ಡು ಕೊಟ್ರೂ ಸಿಗಲ್ಲ."

"ಒಗೆಯೋದು ನೀನಾಗಿದ್ರೆ ಜರಿ ಅಂತಿರ್ಲಿಲ್ಲ" ಎಂದು ಪರದೆಯೊಳಗಿಂದ ಉತ್ತರ.

ಮೂಲೆಯ ಸ್ಟೂಲಿನ ಮೇಲೆ ಕುಳಿತು ಕೀಲಿಗಳನ್ನು ಬೆರಳಲ್ಲೇ ತಡವಿ ಬೇರೆ ಬೇರೆ ಡಬ್ಬಿಗೆ ಹಾಕುವ ಮುದುಕರು ಕೀಲಿಯಕ್ಕನ ಮಾವ. ಅಂಗಡಿ ಅವರದು, ವಿದ್ಯೆಯೂ ಅವರದೇ. ಕಣ್ಣು ಮಂಜಾಗತೊಡಗಿದಾಗ ಮಗನನ್ನು ಕರೆದು ಕೂರಿಸಿದರು. ಆತನಿಗೆ ಬೀಗ ಕಂಡರೆ ಕೈಕಾಲು ಆಡುತ್ತಿರಲಿಲ್ಲ, ಆಸ್ಪತ್ರೆಯೊಂದರ ಕ್ಯಾಂಟೀನಿಗೆ ಅಡುಗೆಯವನಾಗಿ ಹೋದ. ಈಗಲೂ ಅಲ್ಲೇ ಸುಖವಾಗಿದ್ದಾನೆ. ಮಧ್ಯಾಹ್ನ ಮಾವನಿಗೆ ಊಟ ತರುತ್ತಿದ್ದ ಸೊಸೆ ಮಾತ್ರ ಡಬ್ಬಿ ಖಾಲಿಯಾಗುವವರೆಗೆ ಸುಮ್ಮನೆ ಕೂರಲಾರದೆ ಒಂದು ಹಳೆ ಬೀಗ ಎತ್ತಿಕೊಂಡು ತಿರುವುತ್ತಿದ್ದಳು. ಒಂದು ದಿನ ಅದು ಅವಳ ಕೈಯಲ್ಲೇ ತೆರೆದುಕೊಂಡಿತು.

"ಹೆದರಿಬಿಟ್ಟೆ" ಎಂದು ನೆನೆಸಿಕೊಂಡು ನಗುತ್ತಾರೆ ಕೀಲಿಯಕ್ಕ. "ಮುರಿದುಹಾಕಿದೆ ಅಂದ್ಕೊಂಡೆ. ಮಾವ ಕೈಯಲ್ಲಿ ಇಸ್ಕೊಂಡು ನೋಡಿ, ಏನೂ ಅನ್ನದೆ ಇನ್ನೊಂದು ಬೀಗ ಕೊಟ್ರು."

ವಿದ್ಯೆಯ ಜೊತೆಗೆ ಮಾವ ಒಂದು ಪದ್ಧತಿಯನ್ನೂ ಕೊಟ್ಟರು. ಬೀಗ ಬಿಡಿಸಿದವರು ಬಾಗಿಲು ತಳ್ಳಬಾರದು. ಹಿಂದೆ ಸರಿದು ಬೆನ್ನು ಮಾಡಿ ನಿಲ್ಲಬೇಕು, ಬಾಗಿಲನ್ನು ಮನೆಯವರೇ ತೆರೆಯಬೇಕು. ಮುದುಕರು ಇದನ್ನು ಇಂದಿಗೂ ಪಾಠದಂತೆ ಒಪ್ಪಿಸುತ್ತಾರೆ: "ಒಳಗೆ ತೊಳೀದ ಪಾತ್ರೆ ಇರುತ್ತೆ, ಜಗಳ ಇರುತ್ತೆ, ಮಲಗಿದ ಕಾಯಿಲೆಯವರು ಇರ್ತಾರೆ. ಅದನ್ನ ಮೊದಲು ನೋಡೋ ಹಕ್ಕು ನಮಗಿಲ್ಲ. ಎಷ್ಟು ತೆಗೀಬೇಕು, ಯಾರಿಗೆ ತೆಗೀಬೇಕು, ಅವರಿಷ್ಟ. ನಾವು ಬೀಗದವರು. ಬಾಗಿಲಿನವರಲ್ಲ."

ಮದುವೆಯಾಗಿ ಬಂದಾಗ ಕೀಲಿಯಕ್ಕ ಬುರ್ಖಾ ತೊಡುತ್ತಿರಲಿಲ್ಲ. ತಲೆಗೊಂದು ಬಟ್ಟೆ, ಅಷ್ಟೇ. ಅತ್ತೆಯೂ ಇದ್ದಷ್ಟು ದಿನ ತಲೆಗೆ ಸೆರಗಿನಷ್ಟು ಬಟ್ಟೆ ಹಾಕಿಕೊಂಡವರೇ. ಮುಖಕ್ಕೆ ಪರದೆ ಹಾಕಿಕೊಳ್ಳುವುದು ಈಕೆ ತಾನಾಗಿ ಮಾಡಿದ ತೀರ್ಮಾನ. ಆಗ ಗೊಣಗಿದವನು ಗಂಡನೇ: ಗಿರಾಕಿಗಳು ಬೆದರಿ ಓಡಿಹೋಗ್ತಾರೆ, ನಮ್ಮನೇಲಿ ಯಾರೂ ಹಾಕಲ್ಲ, ನಿನಗ್ಯಾಕೆ ಬೇಕು ಇದೆಲ್ಲ?

"ಯಾಕೆ ಅಂತ ಈಗಲೂ ಕೇಳ್ತಾರೆ. ನನ್ನ ಉತ್ತರ ಚಿಕ್ಕದು. ಹಾಕ್ಕೊಂಡಾಗ ನನಗೆ ನಮಾಜಿಗೆ ನಿಂತ ಹಾಗಿರುತ್ತೆ. ಕೈ ಬೀಗದ ಮೇಲಿದ್ರೂ ಮನಸ್ಸು ಅಲ್ಲೇ ಇರುತ್ತೆ. ಅದಕ್ಕಿಂತ ಉದ್ದದ ಉತ್ತರ ನನ್ನ ಹತ್ರ ಇಲ್ಲ. ಜನಕ್ಕೆ ಉದ್ದದ್ದೇ ಬೇಕು" ಎನ್ನುತ್ತಾರೆ.

ಜನರಲ್ಲಿ ಎರಡು ಬಗೆ. ಹೆದರುವವರು ಒಂದು, ಮರುಗುವವರು ಇನ್ನೊಂದು. ಬಾಗಿಲ ಬಳಿ ಬಂದಿರುವುದು ತಾವೇ ಕರೆಸಿದ ಬೀಗದವರು ಎಂದು ಗೊತ್ತಿದ್ದೂ ಕೆಲವರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಮರುಗುವವರು ಹತ್ತಿರ ಬಂದು ಪಿಸುದನಿಯಲ್ಲಿ "ಪಾಪ, ಮನೇಲಿ ಬಲವಂತ ಮಾಡ್ತಾರಾ?" ಎಂದು ಕೇಳುತ್ತಾರೆ.

"ಮರುಕ ಜಾಸ್ತಿ ಆದ್ರೆ ಚಹಾ ಕೊಡ್ತಾರೆ" ಎನ್ನುತ್ತಾರೆ ಕೀಲಿಯಕ್ಕ. "ಕೊಟ್ಟು, ಇವಳು ಹೆಂಗೆ ಕುಡೀತಾಳೆ ನೋಡೋಣ ಅಂತ ಎದುರಿಗೇ ನಿಲ್ತಾರೆ. ನಾನು ಲೋಟ ಹಿಡ್ಕೊಂಡು ಗೋಡೆ ಕಡೆ ತಿರುಗ್ತೀನಿ. ಅವರೂ ಆ ಕಡೆ ಬರ್ತಾರೆ!"

ಪಟಾಕಿಯ ಪಾಡು ಬೇರೆಯದು. ಚಿಕ್ಕಂದಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದವಳು ಕಾಲೇಜು ಸೇರಿದ ವರ್ಷ ಬಿಟ್ಟಳು. "ಅತ್ತಿಗೆಗೆ ಹಾಕ್ಕೊಂಡಾಗ ತಾನು ತಾನೇ ಅನ್ಸುತ್ತೆ. ನನಗೆ ಬಿಟ್ಟಾಗ ಹಂಗನ್ಸ್ತು" ಎನ್ನುತ್ತಾಳೆ. ಇದು ನೆಂಟರಿಗೆ ಜೀರ್ಣವಾಗುವ ಮಾತಲ್ಲ. ಅತ್ತಿಗೆಯನ್ನು ನೋಡಿ ಕಲಿ ಎಂದು ಸಿಕ್ಕಸಿಕ್ಕವರೆಲ್ಲ ಬುದ್ಧಿ ಹೇಳುತ್ತಾರೆ. ಒಮ್ಮೆ ದೊಡ್ಡಮ್ಮ ಒಬ್ಬರು ಮನೆಗೇ ಬಂದು, ಪಟಾಕಿಯ ಎದುರೇ ಕೀಲಿಯಕ್ಕನನ್ನು ತರಾಟೆಗೆ ತೆಗೆದುಕೊಂಡರು: ನೀನು ಇಷ್ಟು ನಿಷ್ಠೆಯವಳು, ಇವಳನ್ನ ಹಿಂಗೆ ಬಿಟ್ಟಿದ್ದೀಯಲ್ಲ?

"ಕಲಿಸ್ತಾ ಇದ್ದೀನಲ್ಲ ದೊಡ್ಡಮ್ಮ, ಕೀಲಿ ಉಜ್ಜೋಕೆ ಅರ ಹಿಡಿಯೋದು" ಎಂದರಂತೆ ಕೀಲಿಯಕ್ಕ. "ತಲೆ ಅವಳದು. ನನ್ನ ತಲೆಗೆ ಯಾರಾದ್ರೂ ಕೈ ಹಾಕಿದ್ರೆ ನನಗೆ ಸಿಟ್ಟು ಬರುತ್ತೆ. ಅವಳಿಗೂ ಬರಲ್ವಾ?"

ಇದನ್ನೆಲ್ಲ ಕೇಳಿಸಿಕೊಳ್ಳುವ ಮಾವನಿಗೆ ಒಂದೇ ನಗು. "ನನಗೀಗ ಸೊಸೆ ಏನು ಹಾಕಿದಾಳೆ, ಮಗಳು ಏನು ಹಾಕಿಲ್ಲ, ಒಂದೂ ಕಾಣಲ್ಲ. ಅರ ಉಜ್ಜೋ ಸದ್ದಲ್ಲೇ ಯಾರು ಅಂತ ತಿಳಿಯುತ್ತೆ. ಮಗಳದು ಇನ್ನೂ ಒರಟು."

"ಅಪ್ಪಾ, ಗಿರಾಕಿಗಳ ಮುಂದೆ ಹೇಳ್ಬೇಡ!" ಎಂದು ಪಟಾಕಿ ಸಿಡಿಯುತ್ತಾಳೆ.

ಅತ್ತಿಗೆ ನಾದಿನಿ ಇಬ್ಬರೂ ಒಂದು ಮಾತು ಮಾಡಿಕೊಂಡಿದ್ದಾರೆ. ಯಾವ ಮನೆಗೆ ಕರೆದರೂ ಇಬ್ಬರೂ ಹೋಗುವುದು. ಇವಳು ಬೇಡ, ಅವಳು ಬರಲಿ ಎಂದವರ ಮನೆಗೆ ಇಬ್ಬರೂ ಹೋಗದಿರುವುದು. ಈ ಮಾತು ಪರೀಕ್ಷೆಗೆ ಬಂದದ್ದು ಹೋದ ವರ್ಷ, ದೊಡ್ಡ ರಸ್ತೆಯ ವಸತಿ ಸಮುಚ್ಚಯದ ಕಬ್ಬಿಣದ ಗೇಟಿನ ಮುಂದೆ.

ಆ ಕಟ್ಟಡದಲ್ಲಿ ಒಂದೆರಡು ಕಳವಾಗಿದ್ದವು. ಮನೆಮನೆಗೂ ಹೊಸ ಬೀಗ ಹಾಕಿಸುವುದೆಂದು ನಿವಾಸಿಗಳ ಸಂಘ ತೀರ್ಮಾನಿಸಿತು. ಎಲ್ಲ ಮಹಡಿಯ ಎಲ್ಲ ಬಾಗಿಲು ಎಂದರೆ ಮೆಟ್ಟಿಲ ಕೆಳಗಿನ ಅಂಗಡಿಗೆ ಒಂದು ಇಡೀ ಋತುವಿನ ಕೆಲಸ. ಮುಕ್ಕಾಲು ಜೀವ ಹೋಗಿದ್ದ ಮಷೀನಿನ ಜಾಗಕ್ಕೆ ಹೊಸದು ಬರುತ್ತಿತ್ತು. ಅದೇ ಸಭೆಯಲ್ಲಿ ಸಂಘ ಇನ್ನೊಂದು ನಿಯಮವನ್ನೂ ಮಾಡಿತು. ಗೇಟಿಗೆ ಫಲಕ ಬಿತ್ತು: ಮುಖ ಮುಚ್ಚಿಕೊಂಡವರಿಗೆ ಪ್ರವೇಶವಿಲ್ಲ. ಕಳವು ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ತಾವೇ ಅಂಗಡಿಯವರೆಗೆ ನಡೆದು ಬಂದು, ಸ್ಟೂಲಿನ ಮೇಲೆ ಕುಳಿತು, ಮರ್ಯಾದೆಯಿಂದಲೇ ವಿಷಯ ತಿಳಿಸಿದರು. "ನಿಮ್ಮ ಕೆಲಸದ ಬಗ್ಗೆ ನಮಗೆ ತಕರಾರಿಲ್ಲಮ್ಮ. ಗೇಟಿನಲ್ಲಿ ಅದನ್ನ ತೆಗೆದಿಡಿ, ಹೋಗುವಾಗ ಹಾಕ್ಕೊಳ್ಳಿ. ಆಗಲ್ಲ ಅಂದ್ರೆ ಈ ಹುಡುಗಿ ಬರಲಿ. ಇವಳಾದ್ರೆ ಎಲ್ಲರ ಹಾಗೇ ಇದ್ದಾಳೆ."

"ಎಲ್ಲರ ಹಾಗೆ ಅಂದ್ರೆ ಯಾರ ಹಾಗೆ ಸಾರ್?" ಎಂದಳು ಪಟಾಕಿ.

ಕೀಲಿಯಕ್ಕ ಅವಳ ಮೊಣಕೈ ಒತ್ತಿ ಸುಮ್ಮನಿರಿಸಿದರು. "ಬೀಗ ಬಿಚ್ಚೋರು ಯಾರು ಅಂತ ಮನೆಯವರಿಗೆ ಗೊತ್ತಿರಬೇಕು ಸಾರ್. ನೀವು ಕೇಳೋದರಲ್ಲಿ ತಪ್ಪಿಲ್ಲ. ಗೇಟಿನ ರೂಮಿಗೆ ಒಬ್ಬ ಹೆಣ್ಣುಮಗಳನ್ನ ಕರೀರಿ. ಮುಖ ತೋರಿಸ್ತೀನಿ. ಗುರುತಿನ ಚೀಟಿ ಪಕ್ಕದಲ್ಲಿಟ್ಟು ನೋಡಲಿ, ದಿನಾ ಬೇಕಾದ್ರೂ ನೋಡಲಿ."

"ನಿಯಮದಲ್ಲಿ ಅದಕ್ಕೆಲ್ಲ ಜಾಗ ಇಲ್ಲಮ್ಮ."

"ಹಾಗಾದ್ರೆ ನಾವೂ ಇಲ್ಲ ಸಾರ್."

ಕಾರ್ಯದರ್ಶಿ ಎದ್ದು ಹೋದರು. ಅವತ್ತು ಸಂಜೆ ಪಟಾಕಿ ತಡೆಯಲಾರದೆ ಕೇಳಿದಳು: "ಅತ್ತಿಗೆ, ನಾನೊಬ್ಬಳೇ ಹೋಗಿ ಮಾಡ್ಕೊಂಡು ಬರ್ಲಾ? ಮಷೀನಾದ್ರೂ ಬರುತ್ತೆ."

"ಇನ್ನೊಬ್ರು ನೀನು ಬೇಡ, ನಾನು ಬರಲಿ ಅಂತಾರೆ. ಆಗ ನಾನು ಹೋಗ್ಲಾ?"

ಆ ಇನ್ನೊಬ್ಬರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಇವರದೇ ಬೀದಿಯ ಕೊನೆಯಲ್ಲಿ, ಇವರದೇ ಸಮುದಾಯದ ಹಿರಿಯರದೊಂದು ದೊಡ್ಡ ಮನೆಯಿದೆ. ಅಲ್ಲಿಂದ ಅಷ್ಟು ಹೊತ್ತಿಗಾಗಲೇ ಮಾತು ಬಂದಾಗಿತ್ತು: ಕೆಲಸಕ್ಕೆ ಸೊಸೆ ಬರಲಿ, ಆ ಬರಿದಲೆಯವಳು ನಮ್ಮ ಹೊಸಿಲು ತುಳಿಯೋದು ಬೇಡ. ಅವರಿಗೂ ಕೀಲಿಯಕ್ಕ ಹೇಳಿ ಕಳಿಸಿದ್ದು ಇದೇ ಉತ್ತರವನ್ನು.

ಹೀಗೆ ಒಂದು ಕಡೆ ಪರದೆಗೆ, ಇನ್ನೊಂದು ಕಡೆ ಪರದೆ ಇಲ್ಲದ್ದಕ್ಕೆ ಎರಡು ದೊಡ್ಡ ಬಾಗಿಲುಗಳು ಮುಚ್ಚಿದವು. ಮಷೀನು ಕೆಮ್ಮುತ್ತ, ನಿಲ್ಲುತ್ತ, ಪಟಾಕಿಯ ಕೈಯಿಂದ ಗುದ್ದಿಸಿಕೊಳ್ಳುತ್ತ ಓಡಿತು. ಸಂಘದವರು ಬೇರೆ ಬೀಗದವರನ್ನು ಹುಡುಕತೊಡಗಿದರು.

ಆ ಹುಡುಕಾಟ ಮುಗಿಯುವ ಮೊದಲೇ ಒಂದು ಬೆಳಗಿನ ಜಾವ ಕೀಲಿಯಕ್ಕನ ಫೋನು ಬಡಿದುಕೊಂಡಿತು. ಕರೆದದ್ದು ಅದೇ ಕಟ್ಟಡದ ಮೆಟ್ಟಿಲು ಗುಡಿಸುವ ಹೆಂಗಸು. ಇವರ ಹಿಂದಿನ ಬೀದಿಯಾಕೆ.

"ಕೀಲಿಯಕ್ಕಾ, ತಕ್ಷಣ ಬಾ. ಟೀಚರಮ್ಮ ಹೊರಗೆ ಸಿಕ್ಕಿಹಾಕ್ಕೊಂಡಿದಾರೆ. ಏನು ಎತ್ತ ಕೇಳ್ಬೇಡ. ಬಾ."

ಟೀಚರಮ್ಮ ಎಂದರೆ ಆ ಕಟ್ಟಡದಲ್ಲಿ ಒಬ್ಬರೇ ವಾಸವಾಗಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಡೆದದ್ದು ಇಷ್ಟು. ಸ್ನಾನದ ನಡುವೆ ನೀರು ನಿಂತಿತು. ನೀರಿನ ವಾಲ್ವ್ ಇರುವುದು ಬಾಗಿಲ ಹೊರಗೆ, ಮೆಟ್ಟಿಲ ಪಕ್ಕದ ಗೂಡಿನಲ್ಲಿ. ಆ ಹೊತ್ತಿಗೆ ಯಾರು ಬರುತ್ತಾರೆ ಎಂದುಕೊಂಡು, ತಲೆತುಂಬ ಸೋಪಿನ ನೊರೆ, ಮೈಗೆ ಸುತ್ತಿದ ಟವೆಲು, ಅಷ್ಟರಲ್ಲೇ ಹೊರಗೆ ಕಾಲಿಟ್ಟರು. ಗಾಳಿ ಬೀಸಿತು. ಹಿಂದೆ ಬಾಗಿಲು ಧಡ್ ಎಂದು ಬಿತ್ತು. ಎಳೆದುಕೊಂಡರೆ ತಾನೇ ಬೀಳುವ ಬೀಗ ಅದು.

ಎದುರುಮನೆಯ ಬಾಗಿಲು ತಟ್ಟೋಣವೆಂದರೆ ಅದು ಕಾರ್ಯದರ್ಶಿಗಳ ಮನೆ. "ಸತ್ತರೂ ಸರಿ, ಆ ಬಾಗಿಲು ತಟ್ಟಬೇಡ, ಯಾರನ್ನೂ ಎಬ್ಬಿಸಬೇಡ" ಎಂದು ಟೀಚರಮ್ಮ ಗುಡಿಸುವಾಕೆಗೆ ಆಣೆ ಹಾಕಿದ್ದರು.

ಗೇಟಿನಲ್ಲಿ ಕಾವಲುಗಾರ ಫಲಕದ ಕಡೆ ಕೈ ತೋರಿಸಿದ. ಗುಡಿಸುವಾಕೆ ಓಡೋಡಿ ಇಳಿದು ಬಂದು, ಕೀಲಿಯಕ್ಕನನ್ನು ಗೇಟಿನ ರೂಮಿನೊಳಗೆ ಕರೆದೊಯ್ದು, ಪರದೆ ಎತ್ತಿಸಿ ನೋಡಿ, ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೋಡಿದೆ. ಇವಳೇ. ನಾನು ಜವಾಬ್ದಾರಿ. ಇನ್ನೇನು ಬೇಕು ನಿನಗೆ?" ಕಾವಲುಗಾರನಿಗೆ ಇನ್ನೇನೂ ಬೇಕಿರಲಿಲ್ಲ.

ಮೇಲೆ ಟೀಚರಮ್ಮ ಮೂಲೆಯ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದರು. ಕೀಲಿಯಕ್ಕ ಚೀಲ ಕೆಳಗಿಡುವ ಮೊದಲೇ ಬುರ್ಖಾದ ಗುಂಡಿ ಬಿಚ್ಚಿದರು.

"ತಗೊಳ್ಳಿ ಟೀಚರಮ್ಮ, ಹಾಕ್ಕೊಳ್ಳಿ."

"ಅಯ್ಯೋ, ನಿಮಗಮ್ಮಾ?"

"ನನಗೆ ಒಳಗೆ ಬಟ್ಟೆ ಇದೆ. ನಿಮಗಿಲ್ಲ."

ಉದ್ದನೆಯ ಅಂಗಿ, ಪೈಜಾಮ, ತಲೆಗೆ ಬಿಗಿಯಾಗಿ ಕಟ್ಟಿದ ಸಣ್ಣ ಬಟ್ಟೆಯಲ್ಲಿ ಕೀಲಿಯಕ್ಕ ಬೀಗದ ಮುಂದೆ ಕುಳಿತರು. ಮುಖದ ಪರದೆ ಇನ್ನೂ ಮುಖದ ಮೇಲೇ ಇತ್ತು. ಆಗ ಎದುರುಮನೆಯೊಳಗೆ ಚಿಲಕ ಸರಿದ ಸದ್ದು. ಟೀಚರಮ್ಮ ಬೆದರಿದ ದನಿಯಲ್ಲಿ ಕೈ ಚಾಚಿದರು: "ಅದನ್ನೂ ಕೊಡಿ. ದಮ್ಮಯ್ಯ, ಬೇಗ!"

ಕೀಲಿಯಕ್ಕನ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಪರದೆ ಬಿಚ್ಚಿ ಕೊಟ್ಟರು. ಮುಖವನ್ನು ಬೀಗಕ್ಕೆ ಹತ್ತಿರ ಮಾಡಿಕೊಂಡು ಕಡ್ಡಿ ಒಳಗೆ ತೂರಿಸಿದರು.

ನಡಿಗೆಯ ಬೂಟು ಹಾಕಿಕೊಂಡು ಹೊರಬಂದ ಕಾರ್ಯದರ್ಶಿಗಳಿಗೆ ಕಂಡದ್ದು ನಾಲ್ವರು ಹೆಂಗಸರು. ಪೊರಕೆ ಹಿಡಿದ ಗುಡಿಸುವಾಕೆ. ಅಂಗಡಿಯಲ್ಲಿ ಕಂಡಿದ್ದ ಬರಿದಲೆಯ ಹುಡುಗಿ. ಬೀಗದ ಮುಂದೆ ಕುಳಿತ ಯಾರೋ ಒಬ್ಬರು. ಮತ್ತು ಮೂಲೆಯಲ್ಲಿ, ನಿಯಮಕ್ಕೆ ಸಡ್ಡು ಹೊಡೆದಂತೆ, ತಲೆಯಿಂದ ಕಾಲಿನವರೆಗೆ ಕಪ್ಪು ಬುರ್ಖಾ. ಅವರು ನೇರ ಬುರ್ಖಾದ ಮೇಲೇ ಹೋದರು.

"ಏನಮ್ಮಾ, ಬರಬೇಡಿ ಅಂತ ಅಂಗಡಿಗೇ ಬಂದು ಹೇಳಿದ್ದೆ ತಾನೇ? ಒಳಗೆ ಹೆಂಗೆ ನುಗ್ಗಿದೆ? ಮಾತಾಡು! ಕಿವಿ ಕೇಳಲ್ವಾ?"

ಬುರ್ಖಾ ಮಾತಾಡಲಿಲ್ಲ. ದನಿ ಹೊರಟರೆ ಗುಟ್ಟು ಹೊರಟಂತೆ.

"ಇದೇ ನಿಮ್ಮ ಬುದ್ಧಿ. ಏನು ಕೇಳಿದ್ರೂ ಬಾಯಿ ಬಿಡಲ್ಲ. ಒಳಗೆ ಏನಿಟ್ಕೊಂಡಿದ್ದೀರೋ ಯಾರಿಗೆ ಗೊತ್ತು? ಮರ್ಯಾದಸ್ಥರು ಇರೋ ಜಾಗ ಇದು." ಆಮೇಲೆ ಬೀಗದ ಮುಂದೆ ಕುಳಿತವರತ್ತ ತಿರುಗಿ, ಟೀಚರಮ್ಮ ಕರೆಸಿದ ಬೇರೆ ಯಾರೋ ಬೀಗದವರು ಎಂದುಕೊಂಡು ದನಿ ಇಳಿಸಿದರು. "ನೀವು ಮುಂದುವರಿಸಿ ಮೇಡಂ. ನೋಡಮ್ಮಾ, ಇವರನ್ನ ನೋಡಿ ಕಲಿ. ಇವರೂ ತಲೆಗೆ ಬಟ್ಟೆ ಕಟ್ಟಿದಾರೆ, ಕೆಲಸಾನೂ ಮಾಡ್ತಿದಾರೆ. ಇವರ ಥರ ಇದ್ರೆ ಯಾರಿಗೇನು ತೊಂದರೆ?"

ಪಟಾಕಿ ತನ್ನ ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಂಡಿದ್ದಳು. "ಜೀವಮಾನದಲ್ಲಿ ನಾನು ಸುಮ್ಮನಿದ್ದದ್ದು ಅವತ್ತೊಂದೇ ದಿನ" ಎಂದು ಈಗಲೂ ಹೇಳುತ್ತಾಳೆ. "ಹೊಟ್ಟೆ ನೋವು ಬಂದುಬಿಡ್ತು."

ಕೀಲಿಯಕ್ಕ ತಲೆ ಎತ್ತಲಿಲ್ಲ. ತಮಗೆ ಹೇಳಿದ ಬೈಗುಳ ಇನ್ನೊಬ್ಬರ ಮೇಲೆ ಬೀಳುವುದನ್ನೂ, ತಮ್ಮದೇ ಹೊಗಳಿಕೆಯನ್ನೂ ಒಟ್ಟಿಗೇ ಕೇಳಿಸಿಕೊಳ್ಳುತ್ತ ಕಡ್ಡಿಯ ತುದಿಯಲ್ಲಿ ಬೀಗದ ಹಲ್ಲುಗಳನ್ನು ಒಂದೊಂದಾಗಿ ಎತ್ತಿದರು. ಕಟಕ್. ಎದ್ದರು. ಹಿಂದೆ ಸರಿದು, ಬಾಗಿಲಿಗೂ ಕಾರ್ಯದರ್ಶಿಗಳಿಗೂ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತರು.

"ತೆಗೀರಿ."

ಬುರ್ಖಾ ಮುಂದೆ ಬಂತು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟಿತು.

"ಏಯ್! ಏಯ್! ಅದು ಟೀಚರಮ್ಮನ ಮನೆ!"

ಹೊಸಿಲ ಒಳಗೆ ನಿಂತು ಅದು ಈ ಕಡೆ ತಿರುಗಿ ಪರದೆ ಎತ್ತಿತು. ಹಣೆಯ ಮೇಲೆ ಒಣಗಿದ ಸೋಪು. "ಗೊತ್ತಪ್ಪಾ" ಎಂದರು ಟೀಚರಮ್ಮ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ. "ಬಾಡಿಗೆಯದಲ್ಲ. ಸ್ವಂತದ್ದು."

ಕೀಲಿಯಕ್ಕ ಟೀಚರಮ್ಮನ ಶಾಲೊಂದನ್ನು ಮುಖಕ್ಕೆ ಸುತ್ತಿಕೊಂಡು ಹಿಂತಿರುಗಿದರು. ಅವತ್ತೇ ಮಧ್ಯಾಹ್ನ ಟೀಚರಮ್ಮ ಬುರ್ಖಾ, ಪರದೆ ಎರಡನ್ನೂ ಒಗೆದು ಇಸ್ತ್ರಿ ಮಾಡಿ ಅಂಗಡಿಗೆ ತಂದರು. ಹಿತ್ತಾಳೆಯ ಪುಡಿಯೆಲ್ಲ ಹೋಗಿತ್ತು. ಬಹಳ ಹೊತ್ತು ಸ್ಟೂಲಿನ ಮೇಲೆ ಕುಳಿತಿದ್ದರು. ಆ ದಿನದ ಬಗ್ಗೆ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ನಗು ಇಳಿಯುತ್ತದೆ. "ಆ ನಿಯಮಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಅದೇ ಮೆಟ್ಟಿಲು, ಅದೇ ನೆರೆಯವರು, ದಿನಾ ಬೆಳಿಗ್ಗೆ ಆರೋಗ್ಯ ವಿಚಾರಿಸೋ ಮನುಷ್ಯ. ಬಟ್ಟೆ ಒಂದು ಬದಲಾಗಿತ್ತು ಅಷ್ಟೇ. ಬೈದಿದ್ದಕ್ಕಿಂತ ಹೆಚ್ಚಾಗಿ, ಏಕವಚನ ಇದೆಯಲ್ಲ, ಅದು ಚುಚ್ತು."

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಟವೆಲು, ಸೋಪು ಯಾವುದನ್ನೂ ಬಿಡದೆ ಇಡೀ ಕಥೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವವರೆಗೆ ಕಾದು ಕೇಳಿದರು: "ಗುಡಿಸುವವಳು ರೂಮಿಗೆ ಕರೆದು ಮುಖ ನೋಡಿ ಒಳಗೆ ಬಿಟ್ಟಳು. ಅಷ್ಟು ಸುಲಭದ ಕೆಲಸ ನಮಗ್ಯಾಕೆ ಹೊಳೀಲಿಲ್ಲ?"

ಫಲಕ ಇಳಿಯಿತು. ಮುಖ ಮುಚ್ಚಿಕೊಂಡು ಬಂದವರು ಗೇಟಿನ ರೂಮಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಮುಖ ತೋರಿಸಿ ಒಳಗೆ ಹೋಗಬಹುದು ಎಂದಾಯಿತು. ಎಲ್ಲರೂ ಒಪ್ಪಲಿಲ್ಲ, ಎತ್ತದ ಕೈಗಳೂ ಇದ್ದವು. ಎತ್ತಿದ ಕೈಗಳು ಹೆಚ್ಚಿದ್ದವು. ಬೀಗದ ಕೆಲಸಕ್ಕೆ ಕರೆ ಬಂದಾಗ ಫೋನಿನಲ್ಲಿ ಕಾರ್ಯದರ್ಶಿಗಳೇ ಇದ್ದರು. "ಇಬ್ಬರೂ ಬನ್ನಿ" ಎಂದರು.

ಆ ಕೆಲಸ ಮೊನ್ನೆಯಷ್ಟೇ ಮುಗಿದಿದೆ. ಕಟ್ಟಕಡೆಯ ಬಾಗಿಲು ಕಾರ್ಯದರ್ಶಿಗಳದು. ಹೊಸ ಬೀಗ ಕೂರಿಸಿ, ಪಟಾಕಿ ಕೊರೆದ ಕೀಲಿಗಳನ್ನು ಅವರ ಕೈಗಿತ್ತು, ಕೀಲಿಯಕ್ಕ ಎಂದಿನಂತೆ ಹಿಂದೆ ಸರಿದು ಬೆನ್ನು ಮಾಡಿ ನಿಂತರು. ಅವರು ಬಾಗಿಲು ತೆರೆದು, ಹೊಸಿಲಲ್ಲೇ ನಿಂತು, "ಅವತ್ತು ನಾನು ಏನೇನೋ..." ಎಂದು ಶುರು ಮಾಡಿದರು.

"ಹೊಗಳಿದ್ರಿ ಸಾರ್" ಎಂದರು ಕೀಲಿಯಕ್ಕ ತಿರುಗದೆ. "ಇವರನ್ನ ನೋಡಿ ಕಲಿ ಅಂದ್ರಿ. ಮನೇಲಿ ಗಂಡನಿಗೂ ಹೇಳಿದೀನಿ."

ಕಾರ್ಯದರ್ಶಿ ನಕ್ಕರು. ಈ ಲೇಖನಕ್ಕಾಗಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ನಿಯಮ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಕಳ್ಳ. ಕಳ್ಳನನ್ನ ನಾನು ನೋಡೇ ಇಲ್ಲ. ನೋಡಿದ್ದು ಇವರನ್ನ."

ಪರದೆ ಬಿಚ್ಚಿ ಕೊಟ್ಟ ಆ ಕ್ಷಣದ ಬಗ್ಗೆ ಎರಡೂ ಕಡೆಯವರು ಕೀಲಿಯಕ್ಕನನ್ನು ಕೇಳಿದ್ದಾರೆ. ಒಂದು ಕಡೆಯವರಿಗೆ, ಅಷ್ಟು ಸುಲಭವಾಗಿ ತೆಗೆದರೆ ದಿನಾ ತೆಗೆಯಲು ಏನು ಎಂಬ ಪ್ರಶ್ನೆ. ಇನ್ನೊಂದು ಕಡೆಯವರಿಗೆ, ಯಾಕೆ ತೆಗೆದೆ ಎಂಬ ಸಿಟ್ಟು. ಇಬ್ಬರಿಗೂ ಅವರದು ಒಂದೇ ಉತ್ತರ. "ತೆಗಿ ಅಂದಿದ್ರೆ ತೆಗೀತಿರ್ಲಿಲ್ಲ. ಕೊಡಿ ಅಂದ್ರು, ಕೊಟ್ಟೆ. ಹಾಕ್ಕೊಂಡದ್ದೂ ನಾನೇ, ಕೊಟ್ಟದ್ದೂ ನಾನೇ."

ಮೆಟ್ಟಿಲ ಕೆಳಗಿನ ಅಂಗಡಿಗೆ ಈಗ ಹೊಸ ಮಷೀನು ಬಂದಿದೆ. ಅದರ ಸದ್ದು ಮೆತ್ತಗಿದೆ ಎಂದು ಮಾವನ ದೂರು, ಯಾರು ಕೂತಿದ್ದಾರೆ ಎಂದು ಗೊತ್ತಾಗುವುದಿಲ್ಲವಂತೆ. ಹಿತ್ತಾಳೆಯ ಪುಡಿ ಮಾತ್ರ ಮೊದಲಿನ ಹಾಗೇ ಹಾರುತ್ತದೆ. ಇಸ್ತ್ರಿಯಾಗಿ ಬಂದ ಬುರ್ಖಾ ಮತ್ತೆ ಜರಿಯಾಗಿದೆ.

ಬೀದಿ ಕೊನೆಯ ದೊಡ್ಡ ಮನೆಯಿಂದ ಇನ್ನೂ ಕರೆ ಬಂದಿಲ್ಲ. ದಿನವೂ ಸ್ಕೂಟರ್ ಅದರ ಮುಂದೆಯೇ ಹಾದುಹೋಗುತ್ತದೆ. ಆ ಮನೆಯ ತಲೆಬಾಗಿಲಿಗೆ ಇರುವುದು ಮಾವ ಕಣ್ಣಿದ್ದ ಕಾಲದಲ್ಲಿ ಕೂರಿಸಿದ ಹಳೆಯ ಬೀಗ.

"ತುಕ್ಕು ಹಿಡಿದಿದೆ ಅತ್ತಿಗೆ, ನೋಡಿದೆ" ಎನ್ನುತ್ತಾಳೆ ಪಟಾಕಿ ಸ್ಕೂಟರ್ ನಿಧಾನ ಮಾಡಿ. "ಒಂದಲ್ಲ ಒಂದು ದಿನ ಸಿಕ್ಕಿಹಾಕ್ಕೊಳ್ಳುತ್ತೆ. ಟೀಚರಮ್ಮನ ಹಾಗೆ ಹೊರಗೆ ನಿಲ್ತಾರೆ. ಆಗ ಕರೀತಾರೆ ನೋಡು, ಇಬ್ಬರನ್ನೂ!"

ಹಿಂದೆ ಕುಳಿತ ಕೀಲಿಯಕ್ಕ ಬುರ್ಖಾದ ಅಂಚನ್ನು ಇನ್ನೊಮ್ಮೆ ತೊಡೆಯಡಿ ಸಿಕ್ಕಿಸಿಕೊಳ್ಳುತ್ತಾರೆ.

"ಸಿಕ್ಕಿಹಾಕ್ಕೊಳ್ಳೋದು ಬೇಡಮ್ಮ. ಕಷ್ಟ ಬಂದಾಗ ಯಾರನ್ನಾದ್ರೂ ಕರೀತಾರೆ. ಸುಮ್ಮನೆ, ಬೀಗಕ್ಕೆ ಎರಡು ತೊಟ್ಟು ಎಣ್ಣೆ ಬಿಡೋಕೆ ಕರೀಲಿ."